85 ಲಕ್ಷದ ಮನೆ, 27,000 ಬಾಡಿಗೆ: ಕೊಳ್ಳಬಹುದಾ?

ಪ್ರಶ್ನೆ: ನಾನು ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 47. ಯಜಮಾನರದ್ದು ಬೈಕ್ ಬಿಡಿಭಾಗಗಳ ಅಂಗಡಿ. ನಿಟ್ಟುವಳ್ಳಿಯಲ್ಲಿ ಸ್ವಂತ ಮನೆ ಇದೆ. ಒಂದೇ ಅಂತಸ್ತು, ಸಾಲ ಇಲ್ಲ. ಕೂಡಿಟ್ಟಿದ್ದು 30 ಲಕ್ಷ ಇದೆ. ವಿದ್ಯಾನಗರದ ಕಡೆ 30-40 ಸೈಟಿನಲ್ಲಿ ಕಟ್ಟಿದ ಮನೆಯೊಂದು 85 ಲಕ್ಷಕ್ಕೆ ಬಂದಿದೆ. ಕೆಳಗಿನ ಎರಡು ಬೆಡ್‌ರೂಮಿನ ಮನೆಗೆ 12,000, ಮೇಲಿನ ಎರಡು ಸಣ್ಣ ಮನೆಗಳಿಗೆ ತಲಾ 7,500 ಬಾಡಿಗೆ ಬರುತ್ತಿದೆ. ಬ್ಯಾಂಕಿನವರು ಇಬ್ಬರ ಹೆಸರಲ್ಲಿ 60 ಲಕ್ಷ ಸಾಲವನ್ನು 20 ವರ್ಷಕ್ಕೆ, ಶೇ 8.5ರ ಬಡ್ಡಿಗೆ ಕೊಡುತ್ತೇವೆ ಅಂದಿದ್ದಾರೆ. ಅರ್ಧ ಕಂತು ಬಾಡಿಗೆಯಲ್ಲೇ ತೀರುತ್ತೆ, ಇನ್ನಷ್ಟು ತೆರಿಗೆಯಲ್ಲಿ ಉಳಿಯುತ್ತೆ, ಕೆಳಗಿನ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರೆ ಕೈಗೆ ದುಡ್ಡೂ ಬರುತ್ತೆ ಅಂತ ಬ್ರೋಕರ್ ಹೇಳುತ್ತಾರೆ. ನಮ್ಮ ದುಡಿಮೆಯಿಂದ ತಿಂಗಳಿಗೆ 12,000 ಹಾಕಬಲ್ಲೆವು. ಕೊಳ್ಳಬಹುದಾ?

ಉತ್ತರ: ಈ ಲೆಕ್ಕದಲ್ಲಿ ಬೇಡ ಮೇಡಂ. ಮನೆ ಚೆನ್ನಾಗಿಯೇ ಇರಬಹುದು, ಜಾಗವೂ ಒಳ್ಳೆಯದೇ. ಆದರೆ ಈ ಬೆಲೆಗೆ ಈ ಬಾಡಿಗೆ ಸಾಲದು. ಅದರ ಮೇಲೆ ಇಷ್ಟು ದೊಡ್ಡ ಸಾಲವನ್ನಂತೂ ಹೊರಲು ಆಗಲ್ಲ. ನಾನು ಬಹಳ ವರ್ಷ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಇಂಥ ಕಾಗದಗಳನ್ನು ನೋಡಿದವನು. ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಮಾತಾಡದೆ ಬಿಟ್ಟ ಒಂದು ಆಸ್ತಿ ಇದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಈ 85 ಲಕ್ಷದ ಮನೆಯನ್ನು ಕೂಡಿ ಕಳೆದು ನೋಡೋಣ.

ಮನೆಯ ಬೆಲೆ 85 ಲಕ್ಷ ಅಂದರೆ ನಿಮ್ಮ ಖರ್ಚು 85 ಲಕ್ಷಕ್ಕೆ ನಿಲ್ಲಲ್ಲ. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಎರಡೂ ಸೇರಿ ಶೇ 7.6. ನಿಮ್ಮ ಮನೆಗೆ ಸುಮಾರು 6.46 ಲಕ್ಷ. ಬ್ರೋಕರ್‌ಗೆ ಶೇ 1 ಅಂದರೂ 85,000. ವಕೀಲರು, ಬ್ಯಾಂಕಿನ ಖರ್ಚು 60,000 ಇಟ್ಟುಕೊಳ್ಳಿ. ಬಣ್ಣ, ನಲ್ಲಿ, ತಾರಸಿ ಸೋರಿಕೆ ಅಂತ ಒಂದೂವರೆ ಲಕ್ಷ. ಒಟ್ಟು 94 ಲಕ್ಷ ದಾಟಿತು. ನೋಂದಣಿ ಖರ್ಚಿಗೆ ಗೃಹಸಾಲದಲ್ಲಿ ಬ್ಯಾಂಕ್ ದುಡ್ಡು ಕೊಡಲ್ಲ. 60 ಲಕ್ಷ ಸಾಲ ಸಿಕ್ಕರೂ ನಿಮ್ಮ ಕೈಯಿಂದ 34 ಲಕ್ಷ ಬೇಕು. ನಿಮ್ಮಲ್ಲಿರುವುದು 30. ಆ 4 ಲಕ್ಷಕ್ಕೆ ಒಡವೆ ಅಡ ಇಡುವುದು, ಕೈಸಾಲ ಮಾಡುವುದು ಅಂತ ಶುರುವಾದರೆ ಮನೆಯ ಕೀಲಿ ಕೈಗೆ ಬರುವ ಮೊದಲೇ ಎರಡು ಸಾಲ ಆಗಿರುತ್ತೆ.

ಇನ್ನು ಬಾಡಿಗೆ. ತಿಂಗಳಿಗೆ 27,000, ವರ್ಷಕ್ಕೆ 3,24,000. 85 ಲಕ್ಷದ ಮೇಲೆ ಶೇ 3.8 ಬಂತು ಅಂತ ಬ್ರೋಕರ್ ಲೆಕ್ಕ. ಅದು ಕಾಗದದ ಮೇಲಿನ ಬಾಡಿಗೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತೆ, ಬಣ್ಣ ಹೊಡೆಸುತ್ತೀರಿ. ವರ್ಷಕ್ಕೆ ಒಂದು ತಿಂಗಳ ಬಾಡಿಗೆಯನ್ನು ನಾನು ಯಾವಾಗಲೂ ಬಿಟ್ಟೇ ಲೆಕ್ಕ ಹಾಕುತ್ತೇನೆ. ಉಳಿದಿದ್ದು 2,97,000. ಪಾಲಿಕೆ ಕಂದಾಯ 9,000 ಹಿಡಿಯಿರಿ. ಮೋಟಾರು, ಮೆಟ್ಟಿಲ ದೀಪದ ಕರೆಂಟು 10,000. ವಿಮೆ 3,000. ರಿಪೇರಿಗೆ ವರ್ಷಕ್ಕೆ 30,000 ಪಕ್ಕಕ್ಕೆ ತೆಗೆದಿಡಬೇಕು. ಈ ವರ್ಷ ಖರ್ಚಾಗದೇ ಇರಬಹುದು, ಆದರೆ ಐದನೇ ವರ್ಷ ಒಂದೇ ಸಲ ಒಂದೂವರೆ ಲಕ್ಷ ಕೇಳುತ್ತೆ. ಎಲ್ಲ ಕಳೆದರೆ ಕೈಗೆ ಉಳಿಯುವುದು 2,45,000. ತಿಂಗಳಿಗೆ 20,400. ನೀವು ಹಾಕಿದ 94 ಲಕ್ಷದ ಮೇಲೆ ಅದು ಶೇ 2.6.

ಶೇ 2.6 ಗಳಿಸುವ ಆಸ್ತಿಯನ್ನು ಶೇ 8.5ರ ಸಾಲದಲ್ಲಿ ಕೊಳ್ಳುತ್ತಿದ್ದೀರಿ. ಕಂತು ಎಷ್ಟಾಗುತ್ತೆ ನೋಡಿ. ಈ ಬಡ್ಡಿಯಲ್ಲಿ 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು. 60 ಲಕ್ಷಕ್ಕೆ ಸುಮಾರು 52,000. ಬಾಡಿಗೆಯಿಂದ 20,400 ಕಳೆದರೆ ನೀವು ದುಡಿದು ತುಂಬಬೇಕಾದ್ದು ತಿಂಗಳಿಗೆ 31,600. ಆಗುತ್ತೆ ಅಂತ ನೀವು ಬರೆದದ್ದು 12,000.

ಬಡ್ಡಿಯೂ ನಿಂತಲ್ಲಿ ನಿಲ್ಲಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್, ಅಂದರೆ ಬಡ್ಡಿ ಏರಿಳಿಯುವ, ಗೃಹಸಾಲಗಳೆಲ್ಲ ರೆಪೊ ದರದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಕಟ್ಟಿಕೊಂಡಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಹೋಯಿತು. ಒಂದು ವರ್ಷವೂ ಹಿಡಿಯಲಿಲ್ಲ. ಅಂಥದ್ದೇ ಇನ್ನೊಮ್ಮೆ ಆಗಿ ನಿಮ್ಮ ಬಡ್ಡಿ 11 ಆದರೆ ಕಂತು ಸುಮಾರು 62,000 ಆಗುತ್ತೆ. ಆಗ ಕಂತು ಜಾಸ್ತಿ ಮಾಡಬೇಕಾ, ಅವಧಿ ಜಾಸ್ತಿ ಮಾಡಬೇಕಾ ಅನ್ನುವ ಆಯ್ಕೆ ಕೇಳುವ ಹಕ್ಕು ನಿಮಗಿದೆ. ರಿಸರ್ವ್ ಬ್ಯಾಂಕ್ 2023ರಲ್ಲೇ ಹಾಗಂತ ಬ್ಯಾಂಕುಗಳಿಗೆ ಹೇಳಿದೆ. ಆದರೆ ಅವಧಿ ಎಳೆಯಲು ನಿಮಗೆ ವಯಸ್ಸು ಎಲ್ಲಿದೆ?

ಇಲ್ಲೇ ನನಗೆ ಹೆಚ್ಚು ಯೋಚನೆ ಆಗಿದ್ದು. ನಿಮಗೆ 47. ಅರವತ್ತಕ್ಕೆ ನಿವೃತ್ತಿ. 20 ವರ್ಷದ ಸಾಲ ಮುಗಿಯುವಾಗ 67. ನೀವು ಕೊನೆಯ ಸಂಬಳ ತೆಗೆದುಕೊಳ್ಳುವ ದಿನ, 13 ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ, ಸುಮಾರು 33 ಲಕ್ಷ ಅಸಲು ಬಾಕಿ ಇರುತ್ತೆ. ಮೊದಲ ವರ್ಷಗಳ ಕಂತಿನಲ್ಲಿ ಹೆಚ್ಚಿನದು ಬಡ್ಡಿಗೇ ಹೋಗುವುದರಿಂದ ಹೀಗಾಗುತ್ತೆ. ನಿವೃತ್ತಿಯಲ್ಲಿ ಬಂದ ದುಡ್ಡನ್ನೆಲ್ಲ ಸಾಲಕ್ಕೆ ಸುರಿದು, ಆಮೇಲೆ ಔಷಧಿಗೂ ಮಗನ ಕೈ ನೋಡಿದವರನ್ನು ನಾನು ಕಂಡಿದ್ದೇನೆ. ಬ್ಯಾಂಕ್ ಕೊಡುತ್ತೆ ಅಂದರೆ ನಮಗೆ ತೀರಿಸುವ ಶಕ್ತಿ ಇದೆ ಅಂತ ಜನ ತಿಳಿಯುತ್ತಾರೆ. ಬ್ಯಾಂಕಿಗೆ ಅಡಮಾನ ಇದೆ, ಇಬ್ಬರ ಸಹಿ ಇದೆ. ಅದರ ದುಡ್ಡು ಹೇಗಾದರೂ ಬರುತ್ತೆ. ನಿಮ್ಮ ವಯಸ್ಸಾದ ಕಾಲ ಹೇಗಿರಬೇಕು ಅಂತ ಲೆಕ್ಕ ಹಾಕಬೇಕಾದವರು ನೀವೇ.

ತೆರಿಗೆ ಉಳಿಯುತ್ತೆ ಅನ್ನುವ ಮಾತು ಹಳೇ ಕಾಲದ್ದು. ಬಾಡಿಗೆ ಆದಾಯದಿಂದ ಕಂದಾಯ ಕಳೆದು, ಉಳಿದಿದ್ದರಲ್ಲಿ ಶೇ 30 ಸುಮ್ನೆ ಬಿಡುತ್ತಾರೆ, ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ನಿಮ್ಮ ವಿಷಯದಲ್ಲಿ ಬಾಡಿಗೆ ಆದಾಯ 2 ಲಕ್ಷದ ಹತ್ತಿರ, ಮೊದಲ ವರ್ಷದ ಬಡ್ಡಿ 5 ಲಕ್ಷ. 3 ಲಕ್ಷ ನಷ್ಟ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ವರ್ಷಕ್ಕೆ 2 ಲಕ್ಷದವರೆಗೆ ಈ ನಷ್ಟವನ್ನು ಸಂಬಳದಿಂದ ಕಳೆಯಬಹುದು, ಉಳಿದದ್ದನ್ನು ಮುಂದಿನ 8 ವರ್ಷ ಮನೆ ಆದಾಯದ ಎದುರು ಇಟ್ಟುಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಬಾಡಿಗೆ ಮುಗಿಯುವ ತನಕ ಮಾತ್ರ ಬಡ್ಡಿ ಕಳೆಯಬಹುದು, ನಷ್ಟ ಸಂಬಳದ ಹತ್ತಿರ ಬರುವಂತಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳ 12.75 ಲಕ್ಷದವರೆಗೆ ಇದ್ದರೆ ತೆರಿಗೆಯೇ ಇಲ್ಲ. ನಿಮ್ಮ ಸಂಬಳ ಅದರೊಳಗಿದ್ದರೆ ಉಳಿಸಲು ತೆರಿಗೆ ಎಲ್ಲಿದೆ? ಅದಕ್ಕಿಂತ ಜಾಸ್ತಿ ಇದ್ದು ಹಳೇ ಪದ್ಧತಿಯೇ ಲಾಭ ಅಂತಾದರೆ, ಶೇ 20ರ ಹಂತದವರಿಗೆ ವರ್ಷಕ್ಕೆ ಸಿಗುವುದು 41,600. ನೀವು ಕೈಯಿಂದ ಹಾಕುವ 3.8 ಲಕ್ಷದ ಮುಂದೆ ಅದು ಎಷ್ಟು ಅಂತ ನೀವೇ ನೋಡಿ.

ಭೋಗ್ಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಲ್ಲಿ ಭೋಗ್ಯದ ದುಡ್ಡನ್ನು ಬಂದ ದುಡ್ಡು ಅಂತ ತಿಳಿಯುವವರು ಬಹಳ. ಅದು ಸಾಲ. ಬಡ್ಡಿಯ ಬದಲು ಬಾಡಿಗೆ ಬಿಟ್ಟುಕೊಡುತ್ತೀರಿ, ಅಷ್ಟೇ. 12,000 ಬಾಡಿಗೆಯ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 1,44,000 ಬಿಟ್ಟಂಗಾಯಿತು. 8 ಲಕ್ಷಕ್ಕೆ ಅದು ಶೇ 18ರ ಬಡ್ಡಿ. ಬ್ಯಾಂಕ್ 8.5ಕ್ಕೆ ಕೊಡುವಾಗ 18ಕ್ಕೆ ಯಾಕೆ ತರಬೇಕು? ಬ್ಯಾಂಕಿನ ಬಡ್ಡಿಗೆ ಸರಿಸಮ ಆಗಬೇಕಾದರೆ ಆ ಮನೆಗೆ 17 ಲಕ್ಷ ಭೋಗ್ಯ ಬರಬೇಕು. ಯಾರೂ ಕೊಡಲ್ಲ. ಜೊತೆಗೆ ಮನೆ ಅಡಮಾನದಲ್ಲಿ ಇರುವಾಗ ಬ್ಯಾಂಕಿಗೆ ತಿಳಿಸದೆ ಭೋಗ್ಯಕ್ಕೆ ಕೊಡಬಾರದು. ನಾಳೆ ಕಂತು ನಿಂತರೆ, ಜೀವಮಾನದ ಉಳಿತಾಯ ನಿಮ್ಮ ಕೈಗಿಟ್ಟ ಆ ಕುಟುಂಬ ಬೀದಿಗೆ ಬೀಳುತ್ತೆ. ನೀವು ಭೋಗ್ಯಕ್ಕೆ ಕೊಡುವವರಾದರೂ ಪಡೆಯುವವರಾದರೂ ಇದನ್ನು ಮನಸ್ಸಿನಲ್ಲಿಡಿ.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಬೆಲೆ ಏರುತ್ತೆ ಅಂತ. ಅದು ಸುಳ್ಳಲ್ಲ. ಆದರೆ ಏರುವುದು ಯಾವುದರ ಬೆಲೆ ಅಂತ ಕೇಳಿಕೊಳ್ಳಿ. ನಿಮ್ಮ 85 ಲಕ್ಷದಲ್ಲಿ ಎರಡು ಆಸ್ತಿ ಇವೆ. 1,200 ಚದರ ಅಡಿ ನೆಲ, ಅಡಿಗೆ 4,500ರಂತೆ ಹಿಡಿದರೆ 54 ಲಕ್ಷ. ಕಟ್ಟಡ 31 ಲಕ್ಷ. ಬಾಡಿಗೆ ತರುವುದು ಕಟ್ಟಡ. ಬೆಲೆ ಏರುವುದು ನೆಲ. ಕಟ್ಟಡ ವರ್ಷ ವರ್ಷಕ್ಕೆ ಸವೆಯುತ್ತೆ. ಸಾಲದ ಕಂತು ಕಟ್ಟಲು ನಿಮಗೆ ತಿಂಗಳು ತಿಂಗಳು ದುಡ್ಡು ಬೇಕು. ನೆಲ ತಿಂಗಳಿಗೆ ಒಂದು ರೂಪಾಯಿ ಕೊಡಲ್ಲ, ಮಾರಿದ ದಿನ ಮಾತ್ರ ಕೊಡುತ್ತೆ. ಬಾಡಿಗೆ ಬೇಕು ಅಂತ ಹೊರಟು ಅರ್ಧಕ್ಕಿಂತ ಹೆಚ್ಚು ದುಡ್ಡನ್ನು ನೆಲಕ್ಕೆ ಹಾಕುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು.

ಏರಿಕೆಯನ್ನೂ ಸೇರಿಸಿಯೇ ನೋಡೋಣ. ನೆಲ ವರ್ಷಕ್ಕೆ ಶೇ 7 ಏರಿತು ಅನ್ನಿ, 3.78 ಲಕ್ಷ. ಕಟ್ಟಡ ಶೇ 2 ಸವೆದರೆ 62,000 ಹೋಯಿತು. ಉಳಿದ ಬಾಡಿಗೆ 2.45 ಲಕ್ಷ. ಒಟ್ಟು ಲಾಭ 5.61 ಲಕ್ಷ. ಬಡ್ಡಿ 5.05 ಲಕ್ಷ. ಉಳಿದದ್ದು 56,000. ನಿಮ್ಮ 34 ಲಕ್ಷ ಒಂದು ವರ್ಷ ದುಡಿದಿದ್ದಕ್ಕೆ ಶೇ 1.6 ಸಿಕ್ಕಿತು. ಅದೂ ನೆಲದ ಬೆಲೆ ಏರಿದರೆ. ಹೈವೇ ಬಂತು, ಸ್ಮಾರ್ಟ್ ಸಿಟಿ ಬಂತು, ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಬರುತ್ತೆ ಅಂತ ಬ್ರೋಕರ್‌ಗಳು ಹೇಳುತ್ತಾರಲ್ಲ, ಆ ಸುದ್ದಿಯನ್ನು ಮಾರುವವರೂ ಕೇಳಿರುತ್ತಾರೆ. ಅದನ್ನೂ ಸೇರಿಸಿಯೇ ಅವರು ಬೆಲೆ ಹೇಳಿರುತ್ತಾರೆ.

ಹಾಗಾದರೆ ಈ ಮನೆ ಎಷ್ಟು ಸಾಲ ಹೊರುತ್ತೆ? ಕೈಗೆ ಉಳಿಯುವ 20,400ನ್ನು ಲಕ್ಷದ ಕಂತು 868ರಿಂದ ಭಾಗಿಸಿ. ಇಪ್ಪತ್ತಮೂರೂವರೆ ಲಕ್ಷ. ಸ್ವಲ್ಪ ಉಸಿರಾಡಲು ಜಾಗ ಬೇಕು ಅಂದರೆ 19 ಲಕ್ಷ ಸಾಕು. ಯಾವ ಮನೆ ನೋಡಿದರೂ ಮೊದಲು ಈ ಲೆಕ್ಕ ಮಾಡಿ. ಬೆಲೆ ಕೇಳಿದ ಮೇಲೆ ಸಾಲ ಹುಡುಕಬೇಡಿ. ಬಾಡಿಗೆ ಹೊರುವ ಸಾಲ, ನಿಮ್ಮ ಕೈಯ ದುಡ್ಡು, ಎರಡನ್ನೂ ಕೂಡಿಸಿ, ನೋಂದಣಿ ಖರ್ಚು ಕಳೆದು, ಆ ಬೆಲೆಯ ಮನೆ ಇದೆಯಾ ಅಂತ ಹುಡುಕಿ.

ಈಗ ನೀವು ಬಿಟ್ಟ ಆಸ್ತಿಗೆ ಬರುತ್ತೇನೆ. ನಿಟ್ಟುವಳ್ಳಿಯ ನಿಮ್ಮ ಸ್ವಂತ ಮನೆ. ಒಂದೇ ಅಂತಸ್ತು. ನೆಲಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಅದರ ಮೇಲೆ 9 ಚದರ (900 ಚದರ ಅಡಿ) ಕಟ್ಟಿ ಎರಡು ಸಣ್ಣ ಮನೆ ಮಾಡಿದರೆ ಚದರಕ್ಕೆ 2 ಲಕ್ಷ ಹಿಡಿದು 18 ಲಕ್ಷ. ಹೊರಗಿನ ಮೆಟ್ಟಿಲು, ಟ್ಯಾಂಕ್, ಬೇರೆ ಮೀಟರ್, ಪ್ಲಾನ್ ಖರ್ಚು 2 ಲಕ್ಷ. ಒಟ್ಟು 20 ಲಕ್ಷ. ತಲಾ 7,000 ಬಾಡಿಗೆ ಬಂದರೆ, ಹನ್ನೊಂದು ತಿಂಗಳಿಗೆ 1,54,000. ರಿಪೇರಿ, ಹೆಚ್ಚಿನ ಕಂದಾಯ, ಮೋಟಾರು ಅಂತ 24,000 ಕಳೆಯಿರಿ. 1,30,000 ಉಳಿಯಿತು. ಶೇ 6.5. ಆ ಮನೆಯಲ್ಲಿ 2.6, ಇಲ್ಲಿ 6.5. ಮೇಲೆ ಕಟ್ಟಿದ್ದಕ್ಕೆ ಇಲ್ಲಿ ನೆಲದ ಬೆಲೆ ಏನೂ ಹೆಚ್ಚಲ್ಲ, ಕಟ್ಟಡ ಸವೆಯುತ್ತೆ, ನಿಜ. ಆದರೆ ಕಂತು ತಾನೇ ತೀರುತ್ತೆ. 12 ಲಕ್ಷ ನಿಮ್ಮದು ಹಾಕಿ 8 ಲಕ್ಷ ಸಾಲ ಮಾಡಿದರೆ, 10 ವರ್ಷಕ್ಕೆ ಕಂತು 9,900. ಬಾಡಿಗೆಯಿಂದ ಉಳಿಯುವುದು 10,800. ನಿಮ್ಮ 57ನೇ ವಯಸ್ಸಿಗೆ ಸಾಲ ಮುಗಿದಿರುತ್ತೆ. 18 ಲಕ್ಷ ಮುಟ್ಟದೆ ಉಳಿದಿರುತ್ತೆ. ಆಗಾಗ ಕೈಗೆ ಬಂದ ದುಡ್ಡನ್ನು ಸಾಲಕ್ಕೆ ಕಟ್ಟಿದರೆ ಇನ್ನೂ ಬೇಗ ಮುಗಿಯುತ್ತೆ. ಫ್ಲೋಟಿಂಗ್ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಬಾಡಿಗೆ ಎಷ್ಟು ಬರುತ್ತೆ ಅನ್ನುವುದನ್ನು ಮಾತ್ರ ಯಾರ ಬಾಯಿಂದಲೂ ಕೇಳಿ ನಂಬಬೇಡಿ. ಒಂದು ಭಾನುವಾರ ಇಬ್ಬರೂ ಗಾಡಿ ತೆಗೆದುಕೊಂಡು ಸುತ್ತಿ. 'ಮನೆ ಬಾಡಿಗೆಗಿದೆ' ಬೋರ್ಡು ಎಷ್ಟಿವೆ, ಎಷ್ಟು ದಿನದಿಂದ ಇವೆ ಅಂತ ಅಲ್ಲಿನ ಕಿರಾಣಿ ಅಂಗಡಿಯವರನ್ನು ಕೇಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೇಸಿಗೆಯಲ್ಲಿ ಏನು ಗತಿ, ಸಂಪು ಎಷ್ಟು ದೊಡ್ಡದು ಅಂತ ಬಾಡಿಗೆಗೆ ಇರುವವರನ್ನೇ ಕೇಳಿ. ನಮ್ಮ ಊರಲ್ಲಿ ಬಾಡಿಗೆ ಮನೆಗೆ ಬೇಡಿಕೆ ತರುವುದು ಹೆಚ್ಚಾಗಿ ಓದು ಮತ್ತು ಆಸ್ಪತ್ರೆ. ಜೆಜೆಎಂ, ಎಸ್‌ಎಸ್ ವೈದ್ಯಕೀಯ ಕಾಲೇಜುಗಳು, ಶಾಮನೂರು ರಸ್ತೆಯ ಬಿಐಇಟಿ, ಹದಡಿ ರಸ್ತೆಯ ಯುಬಿಡಿಟಿ, ತೋಳಹುಣಸೆಯ ವಿಶ್ವವಿದ್ಯಾಲಯ. ಎಂಡಿ ಓದುವ ಡಾಕ್ಟರು ಮೂರು ವರ್ಷ ಇರುತ್ತಾರೆ, ಅದು ಒಳ್ಳೆಯ ಬಾಡಿಗೆದಾರರ ಲೆಕ್ಕ. ಹುಡುಗರು ಗುಂಪಾಗಿ ಬಂದರೆ ಬಾಡಿಗೆ ಜಾಸ್ತಿ ಸಿಗಬಹುದು, ಆದರೆ ಪರೀಕ್ಷೆ ಮುಗಿದ ತಿಂಗಳು ಮನೆ ಖಾಲಿ. ಒಂದೇ ಕಾಲೇಜನ್ನು ನಂಬಿ ಮನೆ ಕಟ್ಟಬೇಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಈ ಊರನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಶಿಫ್ಟಿಗೆ ಹೋಗುವ ಕಾರ್ಮಿಕರನ್ನು ನಂಬಿ ವಠಾರ ಕಟ್ಟಿದವರ ಗತಿ ಆಗ ಏನಾಯಿತು ಅಂತ ಹಳಬರನ್ನು ಕೇಳಿ. ನಿಟ್ಟುವಳ್ಳಿಯಲ್ಲಿ ಸಂಸಾರಸ್ಥರು, ಅಂಗಡಿಯವರು, ನೌಕರರು ಎಲ್ಲರೂ ಇದ್ದಾರೆ. ಅದು ನಿಮಗೆ ಅನುಕೂಲ.

ಇನ್ನೊಂದು ಮಾತು. ಇಂಥ ಜಾತಿಯವರಿಗೆ ಕೊಡಲ್ಲ, ಇಂಥದ್ದು ತಿನ್ನುವವರಿಗೆ ಕೊಡಲ್ಲ ಅನ್ನುವವರ ಮನೆ ಜಾಸ್ತಿ ದಿನ ಖಾಲಿ ಇರುತ್ತೆ. ಅದು ಮೊದಲನೆಯದಾಗಿ ತಪ್ಪು. ಲೆಕ್ಕದಲ್ಲೂ ನಷ್ಟ. ಒಂದು ತಿಂಗಳು ಖಾಲಿ ಬಿಟ್ಟರೆ ವರ್ಷದ ಬಾಡಿಗೆಯಲ್ಲಿ ಶೇ 8 ಹೋದಂತೆ.

ಎರಡು ಮನೆಗೂ ಬೆಸ್ಕಾಂನಿಂದ ಬೇರೆ ಬೇರೆ ಮೀಟರ್ ಹಾಕಿಸಲೇಬೇಕು. ಗೃಹಜ್ಯೋತಿ ಬಂದ ಮೇಲೆ ಇದು ಬಾಡಿಗೆದಾರರು ಕೇಳುವ ಮೊದಲ ಪ್ರಶ್ನೆ. ಬಾಡಿಗೆಯವರೂ ತಮ್ಮ ಆಧಾರ್ ಅನ್ನು ಆ ಮೀಟರಿನ ಆರ್‌ಆರ್ ನಂಬರಿಗೆ ಜೋಡಿಸಿಕೊಳ್ಳಬಹುದು. ಮನೆ ಬಿಡುವಾಗ ಅದನ್ನು ಬಿಡಿಸಿಕೊಂಡು ಹೋಗಲು ಹೇಳಿ, ಇಲ್ಲದಿದ್ದರೆ ಹೊಸಬರಿಗೆ ತೊಂದರೆ. ಕರಾರು 11 ತಿಂಗಳಿಗೆ ಬರೆಯುವುದು ರೂಢಿ. ಒಂದು ವರ್ಷ ದಾಟಿದ ಕರಾರಿಗೆ ನೋಂದಣಿ ಬೇಕು ಅನ್ನುವುದೇ ಅದಕ್ಕೆ ಕಾರಣ. ಪ್ರತಿ ಸಲ ಹೊಸದು ಬರೆಸಿ, ಎಷ್ಟು ಏರಿಕೆ ಅಂತ ಮೊದಲೇ ಮಾತಾಡಿಕೊಳ್ಳಿ.

ಇಷ್ಟು ಹೇಳಿದ ಮೇಲೂ ಆ ವಿದ್ಯಾನಗರದ ಮನೆ ಮೇಲೆ ಮನಸ್ಸಿದ್ದರೆ, ಅಥವಾ ಮುಂದೆ ಬೇರೆ ಮನೆ ನೋಡಿದರೆ, ಕಾಗದದ ವಿಷಯ ನೆನಪಿರಲಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಈಗ ನೋಂದಣಿ ಆಗಲ್ಲ. ಖಾತೆ 'ಎ' ಇದೆಯಾ 'ಬಿ' ಇದೆಯಾ ನೋಡಿ. 'ಬಿ' ಅಂದರೆ ಸರಿಯಾದ ಅನುಮೋದನೆ ಇಲ್ಲದ ಆಸ್ತಿ; ಅದಿದ್ದರೆ ಬಹಳ ಬ್ಯಾಂಕುಗಳು ಸಾಲ ಕೊಡಲ್ಲ, ನಾಳೆ ನೀವು ಮಾರುವಾಗ ಕೊಳ್ಳುವವರಿಗೂ ಸಿಗಲ್ಲ. ಬಡಾವಣೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆಯಾ ಕೇಳಿ. 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ಆದರೆ ಇಸಿಯಲ್ಲಿ ನೋಂದಣಿ ಆದದ್ದು ಮಾತ್ರ ಕಾಣುತ್ತೆ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಮನೆಯ ಹೆಣ್ಣುಮಕ್ಕಳಿಗೂ ಪಾಲು ಇರುತ್ತೆ, ಅವರ ಸಹಿ ಇಲ್ಲದ ಕ್ರಯಪತ್ರ ಬೇಡ. 60 ಲಕ್ಷಕ್ಕೆ ನೋಂದಣಿ, ಉಳಿದಿದ್ದು ಕೈಗೆ ಕೊಡಿ ಅಂದರೆ ಎದ್ದು ಬನ್ನಿ. ಬ್ಯಾಂಕ್ ಕಾಗದದ ಬೆಲೆಗೇ ಸಾಲ ಕೊಡುತ್ತೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ನಾಳೆ ನೀವು ಮಾರಿದಾಗ ಲಾಭ ಹೆಚ್ಚಾಗಿ ಕಂಡು ತೆರಿಗೆ ಬೀಳುವುದು ನಿಮಗೆ. 50 ಲಕ್ಷ ಮತ್ತು ಮೇಲಿನ ಆಸ್ತಿಗೆ ಕೊಳ್ಳುವವರೇ ಶೇ 1 ಟಿಡಿಎಸ್ (ಮಾರುವವರ ದುಡ್ಡಿನಲ್ಲಿ ಮೊದಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕು, ಈ ಮನೆಗೆ 85,000. ಇನ್ನು ನೀವು ಸರ್ಕಾರಿ ನೌಕರರು, ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸಬೇಕು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬ್ರೋಕರ್‌ಗೆ ಮುಂಗಡ ಕೊಡಬೇಡಿ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ನಿಟ್ಟುವಳ್ಳಿಯ ಮನೆಯ ಪಾಯ, ಪಿಲ್ಲರು ಮೇಲಿನ ಭಾರ ಹೊರುತ್ತವಾ ಅಂತ ನೋಡಿಸಿ. ಒಂದೆರಡು ಕಡೆ ಅಗೆದೇ ನೋಡಲಿ. ಮೇಸ್ತ್ರಿ ಕಣ್ಣಂದಾಜು ಇಲ್ಲಿ ಸಾಲದು. ಪಿಲ್ಲರ್ ಇಲ್ಲದ ಇಟ್ಟಿಗೆ ಗೋಡೆಯ ಮನೆಯಾದರೆ ಖರ್ಚು ಬೇರೆಯೇ ಆಗುತ್ತೆ, ನನ್ನ 20 ಲಕ್ಷದ ಲೆಕ್ಕ ಬದಲಾಗುತ್ತೆ. ಆಮೇಲೆ ಪಾಲಿಕೆಯಿಂದ ಮೊದಲ ಅಂತಸ್ತಿಗೆ ಪರವಾನಗಿ, ಅದಿಲ್ಲದೆ ಬ್ಯಾಂಕ್ ಸಾಲ ಕೊಡಲ್ಲ. ಇಂಜಿನಿಯರ್ ಬರೆದುಕೊಟ್ಟದ್ದು ಮತ್ತು ಖರ್ಚಿನ ಅಂದಾಜು ಎರಡೂ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಎಷ್ಟು ಸಾಲ, ಎಷ್ಟು ಕೈಯಿಂದ ಅಂತ ಆಗ ಕೂತು ಸರಿಯಾಗಿ ಗೊತ್ತು ಮಾಡೋಣ.